ಬಡಗಣ ದಾರಿಯ ಸಹಪಥಿಕರು

ದೂರದ ಪ್ರಯಾಣವನ್ನು ಮುಗಿಸಿ ಬಂದವರನ್ನು ನಮ್ಮ ಕಡೆಯ ಜನರು ಮೊದಲು ಕೇಳುವುದು, “ಏನೇನು ನೋಡಿದಿರಿ?” ಎಂದು. “ಯಾರು ಯಾರನ್ನು ಕಂಡಿರಿ?” ಎಂದು ಕೇಳುವವರು ವಿರಳ. ಕೆನಡಾ ದೇಶದ ಬಡಗಣ ಕಾಡುಗಳಲ್ಲಿ ಒಬ್ಬಂಟಿಗರಾಗಿ ಮೋಟಾರಿನಲ್ಲಿ ಸಂಚರಿಸಿ ಬಂದ ನಮಗೆ, ನೋಡಿದ ಬೆಟ್ಟಗಳೂ ಹೊಳೆಗಳೂ ಈಗ ಒಂದರೊಳಗೊಂದು ಬೆರೆತುಹೋಗಿವೆ. ಕಂಡ ಮುಖಗಳು ಮಾತ್ರ ಬೇರೆಬೇರೆಯಾಗಿ ಕಣ್ಣಮುಂದೆ ನಿಂತಿವೆ. ಅವುಗಳಲ್ಲಿ ಎರಡು ಮುಖಗಳನ್ನು ನೆನೆದಾಗಲೆಲ್ಲ ನಮಗೆ ನಾಚಿಕೆಯಾಗುತ್ತದೆ. ಆ ನಾಚಿಕೆಯ ಕಾರಣವನ್ನು ಮರೆಮಾಚದೆ ಹೇಳಬೇಕೆಂದೇ ಈ ಲೇಖನಕ್ಕೆ ಕೈಹಚ್ಚಿದ್ದೇವೆ. ಪದ್ಧತಿಯಂತೆ “ನಾವು” ಎಂದು ಬರೆಯುತ್ತಿದ್ದರೂ ಗಾಡಿಯಲ್ಲಿದ್ದವರು ನಾವೊಬ್ಬರೇ ಎಂಬುದನ್ನು ವಾಚಕರು ಮರೆಯಬಾರದು; ತಪ್ಪನ್ನು ಹಂಚಿಕೊಳ್ಳಲು ಅಲ್ಲಿ ಎರಡನೆಯವರಿರಲಿಲ್ಲ.

ಮೂವತ್ತನಾಲ್ಕು ವರ್ಷಗಳ ಕಾಲ ಹೈಸ್ಕೂಲಿನಲ್ಲಿ ಸಂಸ್ಕೃತ ಕನ್ನಡಗಳ ಪಾಠ ಹೇಳಿ ನಿವೃತ್ತರಾದ ಮರುವರ್ಷ, ಎಡ್ಮಂಟನ್ ನಗರದಲ್ಲಿರುವ ಮಗನ ಮನೆಗೆ ಪತ್ನೀಸಮೇತರಾಗಿ ಹೋಗಿದ್ದೆವು. ಮನೆಯಾಕೆಗೆ ಮೊಮ್ಮಗುವೇ ಒಂದು ಲೋಕವಾಯಿತು. ನಮಗೋ, ಗೋಡೆಯ ಮೇಲಿನ ಭೂಪಟದಲ್ಲಿ ಉತ್ತರಾಭಿಮುಖವಾಗಿ ಒಂಟಿಗೆರೆಯಂತೆ ಓಡಿ, ಆರ್ಕ್ಟಿಕ್ ಮಹಾಸಾಗರದ ದಡದಲ್ಲಿ ಮುಗಿಯುವ ಒಂದು ರಸ್ತೆ ಕಣ್ಣಿಗೆ ಬಿದ್ದಿತು. ಆ ಕ್ಷಣದಿಂದ ಮನೆಯಲ್ಲಿ ಕುಳಿತಿರಲಾಗಲಿಲ್ಲ. ಹೋಗುವ ದಾರಿಯೇ ಸುಮಾರು ೩,೪೦೦ ಕಿಲೋಮೀಟರು. ಮಗನು ಮೊದಲು ಬೇಡವೆಂದನು. ಬಳಿಕ ನಮ್ಮ ಹಟವನ್ನು ಕಂಡು ತನ್ನ ಗಾಡಿಯನ್ನೇ ಕೊಟ್ಟು, ಅದರಲ್ಲಿ ಎರಡು ಸ್ಟೆಪ್ನಿ ಚಕ್ರಗಳನ್ನೂ ಒಂದು ಜಾಕಿಯನ್ನೂ ಪೆಟ್ರೋಲಿನ ಡಬ್ಬವನ್ನೂ ಇಟ್ಟನು. ಸೊಸೆಯು ಅವಲಕ್ಕಿ, ಚಟ್ನಿಪುಡಿ, ಚಕ್ಕುಲಿಗಳನ್ನು ಕಟ್ಟಿಕೊಟ್ಟಳು. ಹೊರಡುವಾಗ ಮಗನು ಹೇಳಿದ್ದು ಒಂದೇ ಮಾತು: “ಅಪ್ಪ, ದಾರಿಯಲ್ಲಿ ಯಾರು ಕೈ ತೋರಿಸಿದರೂ ಗಾಡಿ ನಿಲ್ಲಿಸಬೇಡಿ.”

ಈ ಮಾತಿಗೆ ಆಧಾರವಿಲ್ಲದೆ ಇರಲಿಲ್ಲ. ೨೦೧೯ರ ಜುಲೈ ತಿಂಗಳಿನಲ್ಲಿ, ನಾವು ಹಾದುಹೋಗಬೇಕಾಗಿದ್ದ ಅಲಾಸ್ಕಾ ಹೆದ್ದಾರಿಯಲ್ಲಿಯೇ, ಲಿಯಾರ್ಡ್ ಬಿಸಿನೀರಿನ ಬುಗ್ಗೆಗಳ ಸಮೀಪದಲ್ಲಿ, ಗಾಡಿ ಕೆಟ್ಟು ನಿಂತಿದ್ದ ಇಬ್ಬರು ತರುಣ ಪ್ರಯಾಣಿಕರನ್ನು ದುಷ್ಕರ್ಮಿಗಳು ಗುಂಡಿಟ್ಟು ಕೊಂದರು. ದೇಶವೆಲ್ಲ ಕೆಲವು ವಾರ ಆ ಸುದ್ದಿಯಿಂದ ನಡುಗಿತು. ಮಗನ ಎದೆಯಲ್ಲಿ ಆ ನಡುಕ ಇನ್ನೂ ಉಳಿದಿತ್ತು. ಅವನ ಮಾತನ್ನು ನಾವು ತಲೆಯಲ್ಲಿಟ್ಟುಕೊಂಡೇ ಹೊರಟೆವು.

ಅಲಾಸ್ಕಾ ಹೆದ್ದಾರಿಯು ಡಾಸನ್ ಕ್ರೀಕ್ ಎಂಬ ಊರಿನಲ್ಲಿ ಮೊದಲಾಗುತ್ತದೆ. ೧೯೪೧ರ ಡಿಸೆಂಬರಿನಲ್ಲಿ ಪರ್ಲ್ ಬಂದರದ ಮೇಲೆ ಜಪಾನೀಯರು ದಾಳಿಮಾಡಿದ ತರುವಾಯ, ಅಲಾಸ್ಕಾ ಪ್ರಾಂತಕ್ಕೆ ನೆಲದ ಮೇಲೊಂದು ದಾರಿ ಬೇಕೆಂದು ಅಮೆರಿಕದ ಸೈನ್ಯವು ೧೯೪೨ರಲ್ಲಿ ಕೆಲವೇ ತಿಂಗಳುಗಳಲ್ಲಿ ಇದನ್ನು ಕಡಿದಿತು. ದುಡಿದ ಹತ್ತು ಸಾವಿರಕ್ಕೂ ಮಿಕ್ಕ ಸೈನಿಕರಲ್ಲಿ ಸುಮಾರು ಮೂರರಲ್ಲೊಂದು ಪಾಲು ಕಪ್ಪುಜನರು. ಆಗ ಆ ಸೈನ್ಯದಲ್ಲಿ ಬಿಳಿಯರ ಪಡೆಗಳೂ ಕಪ್ಪುಜನರ ಪಡೆಗಳೂ ಬೇರೆಬೇರೆ. ಉಣಿಸು ಬೇರೆ, ಬಿಡಾರ ಬೇರೆ. ಹೀಗಿರಲು ಆ ವರ್ಷದ ಅಕ್ಟೋಬರಿನಲ್ಲಿ, ಬೀವರ್ ಕ್ರೀಕ್ ಬಳಿಯ ಕಾಡಿನಲ್ಲಿ, ಎರಡು ಕಡೆಗಳಿಂದ ಮರಗಳನ್ನು ಉರುಳಿಸುತ್ತ ಬಂದ ಎರಡು ಬುಲ್ಡೋಜರುಗಳು ಎದುರುಬದುರಾದವು. ಒಂದನ್ನು ನಡೆಸುತ್ತಿದ್ದವರು ರಿಫೈನ್ಸ್ ಸಿಮ್ಸ್ ಎಂಬ ಕಪ್ಪು ಸೈನಿಕರು, ಇನ್ನೊಂದನ್ನು ಆಲ್ಫ್ರೆಡ್ ಜಲುಫ್ಕಾ ಎಂಬ ಬಿಳಿಯ ಸೈನಿಕರು. ಅವರಿಬ್ಬರೂ ನಗುತ್ತ ಕೈಕುಲುಕಿದ ಚಿತ್ರವು ಪತ್ರಿಕೆಗಳಲ್ಲಿ ಪ್ರಕಟವಾಯಿತು. ಈ ರಸ್ತೆಯ ಎರಡು ತುದಿಗಳು ಕೂಡಿದ್ದೇ ಅಪರಿಚಿತರಿಬ್ಬರ ಕೈಗಳು ಕೂಡಿದಲ್ಲಿ ಎನ್ನಬಹುದು.

ಮುಂದೆ ವಾಟ್ಸನ್ ಲೇಕ್ ಎಂಬಲ್ಲಿ ಒಂದು ವಿಚಿತ್ರವಾದ ತೋಪನ್ನು ನೋಡಿದೆವು. ಅದು ಮರಗಳ ತೋಪಲ್ಲ, ಊರುಗಳ ಹೆಸರು ಬರೆದ ಹಲಗೆಗಳ ತೋಪು. ೧೯೪೨ರಲ್ಲಿ ಅಲ್ಲಿ ಕೆಲಸಮಾಡುತ್ತಿದ್ದ ಕಾರ್ಲ್ ಲಿಂಡ್ಲಿ ಎಂಬ ಸೈನಿಕನು ಮನೆಯ ನೆನಪು ತಾಳಲಾರದೆ, ಕಂಬವೊಂದರ ಮೇಲೆ ತನ್ನ ಊರಾದ ಡ್ಯಾನ್‌ವಿಲ್ಲಿನ ಹೆಸರನ್ನೂ ದೂರವನ್ನೂ ಬರೆದು ಹಾಕಿದನು. ನೋಡಿದವರೆಲ್ಲರೂ ತಮ್ಮ ತಮ್ಮ ಊರಿನ ಹಲಗೆಗಳನ್ನು ಹಾಕುತ್ತ ಬಂದರು. ಈಗ ಅವು ಹತ್ತಾರು ಸಾವಿರ. ಆ ಸಾಲುಗಳ ನಡುವೆ ಗಾಡಿಯ ಹಿಂಬದಿಯಲ್ಲಿ ಕುಳಿತು ಅವಲಕ್ಕಿ ತಿನ್ನುತ್ತಿದ್ದಾಗ, ಜರ್ಮನಿಯಿಂದ ಬಂದ ವೃದ್ಧದಂಪತಿಗಳು ತಮ್ಮ ಊರಿನ ಹಲಗೆಗೆ ಮೊಳೆ ಹೊಡೆಯಲು ನಮ್ಮಲ್ಲಿ ಸುತ್ತಿಗೆಯುಂಟೆ ಎಂದು ಕೇಳಿದರು. ಸುತ್ತಿಗೆಯಿರಲಿಲ್ಲ, ಜಾಕಿಯ ಹಿಡಿಯನ್ನು ಕೊಟ್ಟೆವು. ಅದರಿಂದಲೇ ಹೊಡೆದರು. ಹೆಸರು ಹೇಳಿಕೊಳ್ಳುವುದನ್ನು ನಾವೂ ಮರೆತೆವು, ಅವರೂ ಮರೆತರು.

ಇಲ್ಲಿಂದ ಮುಂದಿನದು ಯೂಕಾನ್ ಪ್ರಾಂತ. ವಿಸ್ತೀರ್ಣದಲ್ಲಿ ಅದು ನಮ್ಮ ಕರ್ನಾಟಕದ ಎರಡೂವರೆ ಪಾಲು. ಜನಸಂಖ್ಯೆಯೋ, ೨೦೨೧ರ ಗಣತಿಯಂತೆ ೪೦,೨೩೨ ಮಾತ್ರ. ಅವರಲ್ಲಿಯೂ ಹೆಚ್ಚಿನವರು ವೈಟ್‌ಹಾರ್ಸ್ ಎಂಬ ರಾಜಧಾನಿಯೊಂದರಲ್ಲಿಯೇ ಇದ್ದಾರೆ. ಉಳಿದುದೆಲ್ಲ ಸ್ಪ್ರೂಸ್ ಮರಗಳ ಕಾಡು, ಕರಡಿ, ಮೂಸ್ ಎಂಬ ದೊಡ್ಡ ಕಾಡುಮೃಗ, ಮತ್ತು ಮೌನ. ಇಂತಹ ದಾರಿಯಲ್ಲಿ ಒಂದು ಗಂಟೆಗೊಮ್ಮೆ ಎದುರುಗಡೆಯಿಂದ ಗಾಡಿ ಬಂದರೆ ಅದೇ ಒಂದು ಸಂಭ್ರಮ. ಅಲ್ಲಿ ಒಂದು ಶಿಷ್ಟಾಚಾರವುಂಟು: ಎದುರಾದವರು ಸ್ಟಿಯರಿಂಗಿನ ಮೇಲಿನ ಕೈಯನ್ನು ಸ್ವಲ್ಪ ಎತ್ತಿ ತೋರಿಸುತ್ತಾರೆ. “ನಾನೂ ಇದ್ದೇನೆ, ನೀನೂ ಇದ್ದೀಯೆ” ಎಂಬುದಷ್ಟೇ ಅದರ ಅರ್ಥ. ಎರಡು ದಿನಗಳಲ್ಲಿ ನಮಗೂ ಅದು ರೂಢಿಯಾಗಿ, ಯಾರನ್ನು ಕಂಡರೂ ಕೈ ತಾನಾಗಿಯೇ ಮೇಲೇಳುತ್ತಿತ್ತು.

ನಮ್ಮ ಪುರಾಣಗಳಂತೆ ಉತ್ತರದಿಕ್ಕಿಗೆ ಒಡೆಯನು ಕುಬೇರನು. ೧೮೯೬ರಲ್ಲಿ ಕ್ಲಾಂಡೈಕ್ ನದಿಯ ಉಪನದಿಯೊಂದರಲ್ಲಿ ಚಿನ್ನ ಸಿಕ್ಕಿ, ಲೋಕದ ನಾನಾ ಮೂಲೆಗಳಿಂದ ಜನರು ನುಗ್ಗಿ ಬಂದ ಡಾಸನ್ ಸಿಟಿಯನ್ನು ಕಂಡಾಗ ಈ ಮಾತು ನೆನಪಾಯಿತು. ಆ ಊರಿನಿಂದ ಪೂರ್ವಕ್ಕೆ ಸುಮಾರು ೪೦ ಕಿಲೋಮೀಟರು ದೂರದಲ್ಲಿ ಡೆಂಪ್‌ಸ್ಟರ್ ಹೆದ್ದಾರಿಯು ಕವಲೊಡೆಯುತ್ತದೆ. ೧೯೭೯ರಲ್ಲಿ ಸಂಚಾರಕ್ಕೆ ತೆರೆದ ಈ ರಸ್ತೆಗೆ ಹೆದ್ದಾರಿಯೆಂಬುದು ಹೆಸರಿಗೆ ಮಾತ್ರ. ಇರುವುದು ಜಲ್ಲಿಮಣ್ಣಿನ ಏರಿ. ಅಲ್ಲಿಯ ನೆಲವು ಅಡಿಯಲ್ಲಿ ಸದಾ ಹೆಪ್ಪುಗಟ್ಟಿರುವುದರಿಂದ, ರಸ್ತೆಯ ಬಿಸಿಗೆ ಅದು ಕರಗಿ ಕುಸಿಯದಂತೆ ನಾಲ್ಕರಿಂದ ಎಂಟು ಅಡಿಗಳಷ್ಟು ದಪ್ಪವಾಗಿ ಜಲ್ಲಿಯನ್ನು ಹೊದಿಸಿದ್ದಾರೆ. ಆ ಜಲ್ಲಿಯಲ್ಲಿ ಹರಿತವಾದ ಕಲ್ಲುಚೂರುಗಳೂ ಸೇರಿರುವುದರಿಂದ ಟೈರುಗಳು ಹರಿಯುವುದು ದಿನನಿತ್ಯದ ಸಂಗತಿ. ಕವಲಿನಿಂದ ಈಗಲ್ ಪ್ಲೇನ್ಸ್ ಎಂಬ ತಂಗುದಾಣದವರೆಗೆ ೩೬೯ ಕಿಲೋಮೀಟರು. ನಡುವೆ ಊರಿಲ್ಲ, ಅಂಗಡಿಯಿಲ್ಲ, ಪೆಟ್ರೋಲಿಲ್ಲ, ಫೋನು ಮುಟ್ಟುವುದಿಲ್ಲ.

ಈ ದಾರಿಯಲ್ಲಿ, ೩೦೨ನೆಯ ಕಿಲೋಮೀಟರಿನ ಗುರುತಿನ ಬಳಿ, ಮಧ್ಯಾಹ್ನ ಮೂರು ಗಂಟೆಯ ಹೊತ್ತಿಗೆ, ಅಂಚಿಗೆ ವಾಲಿಕೊಂಡು ನಿಂತಿದ್ದ ಒಂದು ಬೂದುಬಣ್ಣದ ಹಳೆಯ ಗಾಡಿಯನ್ನು ಕಂಡೆವು. ಪಕ್ಕದಲ್ಲಿ ಒಬ್ಬ ಮುದುಕರೂ ಹತ್ತು ಹನ್ನೊಂದು ವರ್ಷದ ಒಬ್ಬ ಹುಡುಗಿಯೂ ನಿಂತಿದ್ದರು. ಮುದುಕರು ಕೈಯೆತ್ತಿದರು. ನಾವೂ ಕೈಯೆತ್ತಿದೆವು. ಗಾಡಿಯನ್ನು ಮಾತ್ರ ನಿಲ್ಲಿಸಲಿಲ್ಲ.

ಅದು ವಂದನೆಯ ಕೈಯೆಂದು ಆ ಕ್ಷಣದಲ್ಲಿ ನಮಗೆ ನಾವೇ ಹೇಳಿಕೊಂಡೆವು. ಆದರೆ ವಂದನೆಗೆ ಎತ್ತಿದ ಕೈ ಕೂಡಲೆ ಇಳಿಯುತ್ತದೆ. ಕನ್ನಡಿಯಲ್ಲಿ ನೋಡಿದಾಗ ಆ ಕೈ ಇನ್ನೂ ಮೇಲೆಯೇ ಇತ್ತು. ದಾರಿ ತಿರುಗಿ ಅವರು ಮರೆಯಾಗುವವರೆಗೂ ಅದು ಇಳಿಯಲಿಲ್ಲ. ಬಳಿಕ ಮನಸ್ಸು ಒಂದರಮೇಲೊಂದು ಸಮಾಧಾನಗಳನ್ನು ಹುಡುಕಿತು. ಮಗನ ಮಾತನ್ನು ಮೀರಬಾರದು; ಚಕ್ರ ಬದಲಿಸುವ ವಿದ್ಯೆ ನಮಗೆ ಸರಿಯಾಗಿ ಬಾರದು; ಹಿಂದಿನಿಂದ ಇನ್ನಾರಾದರೂ ಬಂದೇ ಬರುವರು. ಸಹಾಯಮಾಡಲು ವಿದ್ಯೆ ಬೇಕೆಂಬುದು ನೆಪ. ಸುದ್ದಿಯನ್ನು ಒಯ್ಯುವುದಕ್ಕೆ ಯಾವ ವಿದ್ಯೆ ಬೇಕು?

ಈಗಲ್ ಪ್ಲೇನ್ಸ್ ಎಂದರೆ ಬೆಟ್ಟದ ಬೆನ್ನಿನ ಮೇಲೆ ಒಂದು ಹೋಟೆಲು, ಪೆಟ್ರೋಲು ಪಂಪು, ಟೈರು ರಿಪೇರಿಯ ಕೊಟ್ಟಿಗೆ, ಅಷ್ಟೇ. ಪೆಟ್ರೋಲು ಹಾಕುತ್ತ ಅಲ್ಲಿಯ ಹೆಂಗಸು, “ದಾರಿಯಲ್ಲಿ ಯಾರಾದರೂ ನಿಂತಿದ್ದರೆ?” ಎಂದು ಕೇಳಿದಳು. ಬಂದವರನ್ನೆಲ್ಲ ಹಾಗೆ ಕೇಳುವುದು ಆಕೆಯ ವಾಡಿಕೆಯೆಂದು ತೋರಿತು. ನಾವು “ಇಲ್ಲ” ಎಂದೆವು.

ಸುಳ್ಳು ಹೇಳಿದ ಹುಡುಗರನ್ನು ಮೂವತ್ತನಾಲ್ಕು ವರ್ಷ ಬೆಂಚಿನ ಮೇಲೆ ನಿಲ್ಲಿಸಿದವರು ನಾವು. ಅತಿಥಿಸತ್ಕಾರದ ಪಾಠವನ್ನು ಎಷ್ಟು ತರಗತಿಗಳಿಗೆ ಹೇಳಿದೆವೋ ಲೆಕ್ಕವಿಲ್ಲ. ಒಳಗೆ ಹೋಗಿ ಆಲೂಗಡ್ಡೆಯ ಊಟ ತರಿಸಿದೆವು. ಎರಡನೆಯ ತುತ್ತು ಗಂಟಲಲ್ಲಿ ಇಳಿಯಲಿಲ್ಲ. ಎದ್ದು ಹೊರಗೆ ಬಂದು, “ಅಮ್ಮ, ಆಗ ಹೇಳಿದ್ದು ಸುಳ್ಳು. ಒಬ್ಬ ಮುದುಕರೂ ಮಗುವೂ ನಿಂತಿದ್ದಾರೆ. ನಾವು ನಿಲ್ಲಿಸದೆ ಬಂದೆವು” ಎಂದೆವು. ಆಕೆ ಹುಬ್ಬುಗಂಟಿಕ್ಕಲಿಲ್ಲ, ಉಪದೇಶವನ್ನೂ ಹೇಳಲಿಲ್ಲ. “ಎಷ್ಟನೆಯ ಕಿಲೋಮೀಟರು?” ಎಂದಳು. “೩೦೨” ಎಂದೆವು. ಅಂಕಿ ಇಷ್ಟು ಸ್ಪಷ್ಟವಾಗಿ ನೆನಪಿನಲ್ಲಿದ್ದುದೇ ನಮ್ಮ ಮೇಲಿನ ಸಾಕ್ಷ್ಯವಾಯಿತು. ಅದು ವಂದನೆಯ ಕೈಯೆಂದು ನಿಜವಾಗಿ ನಂಬಿದ್ದರೆ ಅಂಕಿಯನ್ನು ಏಕೆ ಗುರುತಿಸಿಕೊಳ್ಳಬೇಕಾಗಿತ್ತು? ದಕ್ಷಿಣಕ್ಕೆ ಹೊರಟಿದ್ದ ಲಾರಿಯ ಚಾಲಕನನ್ನು ಆಕೆ ಕೂಗಿ ಹೇಳಿದಳು. ಅವನು ಕುಡಿಯುತ್ತಿದ್ದ ಕಾಫಿಯನ್ನು ಅಲ್ಲಿಯೇ ಬಿಟ್ಟು ಎದ್ದನು.

ರಾತ್ರಿ ಒಂಬತ್ತರ ಸುಮಾರಿಗೆ, ಇನ್ನೂ ಬಿಸಿಲಿರುವಾಗಲೇ, ಬೂದುಬಣ್ಣದ ಗಾಡಿ ಬಂದಿತು. ಒಂದು ಚಕ್ರ ಬೆಳಿಗ್ಗೆಯೇ ಹರಿದು ಇದ್ದ ಸ್ಟೆಪ್ನಿಯನ್ನು ಹಾಕಿದ್ದರಂತೆ. ಮಧ್ಯಾಹ್ನ ಇನ್ನೊಂದು ಹರಿದಿತು. ಲಾರಿಯವನು ಅದಕ್ಕೆ ತೇಪೆಹಾಕಿ ಗಾಳಿ ತುಂಬಿ ಕಳುಹಿಸಿದ್ದನು. ಹುಡುಗಿಯ ಮುಖವೆಲ್ಲ ಸೊಳ್ಳೆ ಕಚ್ಚಿ ಊದಿಕೊಂಡಿತ್ತು. ನಾವು ಎದುರಿಗೆ ಹೋಗಿ ನಿಂತು, ಹಾದುಹೋದವರು ನಾವೇ ಎಂದು ಹೇಳಿದೆವು. ಮುದುಕರು ನಮ್ಮ ಮುಖವನ್ನು ನೋಡಿ, “ಹೌದು, ನೆನಪಿದೆ. ಮೊಮ್ಮಗಳು, ತಿರುವಿನಾಚೆ ಜಾಗ ನೋಡಿ ನಿಲ್ಲಿಸುತ್ತಾರೆ ಎಂದಳು. ಸ್ವಲ್ಪ ಹೊತ್ತು ಆ ಕಡೆಯೇ ನೋಡುತ್ತಿದ್ದೆವು” ಎಂದರು. ಅದರಲ್ಲಿ ವ್ಯಂಗ್ಯವಿರಲಿಲ್ಲ, ನಡೆದುದನ್ನು ನಡೆದಂತೆ ಹೇಳಿದರು. ನಮ್ಮ ಜನ್ಮದಲ್ಲಿ ಕೇಳಿದ ಬೈಗುಳಗಳಲ್ಲಿ ಯಾವುದೂ ಇಷ್ಟು ನಾಟಿರಲಿಲ್ಲ.

ಅಂದು ರಾತ್ರಿ ನಿದ್ರೆ ಬಾರದೆ ಹೊರಳುತ್ತಿರುವಾಗ ಲಿಯಾರ್ಡಿನ ಘಟನೆ ಮತ್ತೆ ನೆನಪಿಗೆ ಬಂದಿತು. ಅಲ್ಲಿ ಆ ಇಬ್ಬರು ಗಾಡಿ ಕೆಟ್ಟು ನಿಂತವರು. ಹಾಗಿರುವಲ್ಲಿ, ಆ ದಿನ ನಿರ್ಜನವಾದ ರಸ್ತೆಯಲ್ಲಿ ಒಂದು ಮಗುವನ್ನು ಹಿಡಿದುಕೊಂಡು, ಬರುವವನು ಎಂತಹವನೋ ಎಂದು ಹೆದರಬೇಕಾಗಿದ್ದವರು ಆ ಮುದುಕರೇ ಹೊರತು, ಓಡುವ ಗಾಡಿಯಲ್ಲಿ ಕುಳಿತ ನಾವಲ್ಲ. ಅವರು ಆ ಹೆದರಿಕೆಯನ್ನು ನುಂಗಿಕೊಂಡು ಕೈಯೆತ್ತಿದ್ದರು.

ಬೆಳಿಗ್ಗೆ ಮುದುಕರೇ ಬಂದು, “ನಮ್ಮ ಊರು ಫೋರ್ಟ್ ಮ್ಯಾಕ್‌ಫರ್ಸನ್, ನಿಮ್ಮ ದಾರಿಯಲ್ಲಿಯೇ ಇದೆ. ಗಡಿಯಾಚೆ ರಸ್ತೆ ಮೆತ್ತಗಾಗಿದೆ. ನಮ್ಮ ಹಿಂದೆಯೇ ಬನ್ನಿ” ಎಂದರು. ಭೂಪಟವಿದೆ, ನಾವೇ ಬರುತ್ತೇವೆ ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು; ಆದರೂ ಒಪ್ಪಿಕೊಂಡೆವು. ೪೦೫ನೆಯ ಕಿಲೋಮೀಟರಿನಲ್ಲಿ ಧ್ರುವವೃತ್ತವನ್ನು ದಾಟಿದೆವು. ಕೆಸರು ಬಂದಲ್ಲೆಲ್ಲ ಮುಂದಿನ ಗಾಡಿ ನಿಧಾನವಾಗುತ್ತಿತ್ತು. ಅದರ ಚಕ್ರದ ಗೆರೆಯ ಮೇಲೆಯೇ ನಮ್ಮ ಚಕ್ರವನ್ನು ನಡೆಸಿದೆವು. ಪೀಲ್ ನದಿಗೆ ಸೇತುವೆಯಿಲ್ಲ. ಬೇಸಿಗೆಯಲ್ಲಿ ಹಣ ಕೇಳದ ದೋಣಿ, ಚಳಿಗಾಲದಲ್ಲಿ ಹೆಪ್ಪುಗಟ್ಟಿದ ನದಿಯೇ ದಾರಿ.

ಮುದುಕರು ಗ್ವಿಚಿನ್ ಎಂಬ ಮೂಲನಿವಾಸಿ ಜನಾಂಗದವರು. ಮನೆಗೆ ಕರೆದೊಯ್ದು ಚಹವನ್ನೂ, ಬ್ಯಾನಕ್ ಎಂಬ ದಪ್ಪ ರೊಟ್ಟಿಯನ್ನೂ, ಹೊಗೆಯಲ್ಲಿ ಒಣಗಿಸಿದ ಮೀನನ್ನೂ ಮುಂದಿಟ್ಟರು. ನಾವು ಮೀನು ತಿನ್ನುವವರಲ್ಲವೆಂದು ಸಂಕೋಚದಿಂದ ಹೇಳಿದಾಗ ಮನೆಯ ಹೆಂಗಸರು ನಕ್ಕು, ರೊಟ್ಟಿಯನ್ನು ಇನ್ನೊಂದು ಹಾಕಿದರು. ನಾವು ಚಟ್ನಿಪುಡಿಯನ್ನು ತೆಗೆದೆವು. ಮುದುಕರು ರೊಟ್ಟಿಗೆ ಅದನ್ನು ಧಾರಾಳವಾಗಿ ಹಚ್ಚಿ ಬಾಯಿಗಿಟ್ಟು ಕೆಮ್ಮಿದ ಕೆಮ್ಮಿಗೆ ಹುಡುಗಿ ನಕ್ಕು ನಕ್ಕು ನೆಲಕ್ಕೆ ಕುಳಿತಳು. ಆದರೂ ಅವರು ಎರಡನೆಯ ಸಲ ಕೇಳಿದರು.

ಊಟದ ತರುವಾಯ ಅವರು ನಮ್ಮನ್ನು ಊರಿನ ಸ್ಮಶಾನಕ್ಕೆ ಕರೆದೊಯ್ದು, ನಾಲ್ವರು ಪೊಲೀಸರ ಸಮಾಧಿಯನ್ನು ತೋರಿಸಿದರು. ೧೯೧೦ರ ಡಿಸೆಂಬರಿನಲ್ಲಿ ಫಿಟ್ಸ್‌ಜೆರಾಲ್ಡ್ ಎಂಬ ಅಧಿಕಾರಿಯೂ ಮೂವರು ಸಂಗಡಿಗರೂ ನಾಯಿಗಳೆಳೆಯುವ ಹಿಮಗಾಡಿಗಳಲ್ಲಿ ಇಲ್ಲಿಂದ ಡಾಸನ್ನಿಗೆ ಹೊರಟರು. ದಾರಿಯಲ್ಲಿ ಸಿಕ್ಕಿದ ಗ್ವಿಚಿನ್ ಜನರಲ್ಲಿ ಒಬ್ಬನು ಕೆಲವು ದಿನ ದಾರಿ ತೋರಿದನು. ೧೯೧೧ರ ಜನವರಿ ಮೊದಲ ದಿನ ಅವನಿಗೆ ಕೂಲಿ ಕೊಟ್ಟು ಕಳುಹಿಸಿಬಿಟ್ಟರು. ಮುಂದಿನ ದಾರಿಯನ್ನು ತಮ್ಮಲ್ಲೊಬ್ಬನು ಬಲ್ಲನೆಂದು ಅವರ ನಂಬಿಕೆ. ಅವನಿಗೆ ಕವಲು ಸಿಕ್ಕಲಿಲ್ಲ. ಹುಡುಕಿ ಹುಡುಕಿ ಆಹಾರ ತೀರಿತು. ಹಿಂದಿರುಗುವಾಗ ತಮ್ಮ ನಾಯಿಗಳನ್ನೇ ಕೊಂದು ತಿಂದರು. ಕೊನೆಯ ಇಬ್ಬರು ಈ ಊರಿನಿಂದ ೪೦ ಕಿಲೋಮೀಟರು ದೂರದಲ್ಲಿ ಪ್ರಾಣಬಿಟ್ಟರು. ಮಾರ್ಚಿಯಲ್ಲಿ ಅವರ ದೇಹಗಳನ್ನು ಹುಡುಕಿ ತಂದವರು ಡೆಂಪ್‌ಸ್ಟರ್ ಎಂಬ ಪೊಲೀಸಿನವರು. ರಸ್ತೆಗಿರುವುದು ಅವರ ಹೆಸರೇ. ಡೆಂಪ್‌ಸ್ಟರ್ ಹೊರಡುವಾಗ ಚಾರ್ಲಿ ಸ್ಟುವರ್ಟ್ ಎಂಬ ಗ್ವಿಚಿನ್ ದಾರಿಗಾರರನ್ನು ಜೊತೆಗೆ ಕರೆದುಕೊಂಡಿದ್ದರು.

ಮುದುಕರು ಇದರಿಂದ ಯಾವ ನೀತಿಯನ್ನೂ ತೆಗೆಯಲಿಲ್ಲ. “ತುಂಬ ಚಳಿಯ ವರ್ಷ ಅದು” ಎಂದಷ್ಟೇ ಹೇಳಿದರು. ಬೀಳ್ಕೊಡುವಾಗ “ಮಾಸಿ ಚೋ” ಎಂದರು. ಅದು ಅವರ ಭಾಷೆಯಲ್ಲಿ ಕೃತಜ್ಞತೆಯ ನುಡಿ. “ಮಾಸಿ” ಎಂಬುದು ಹಿಂದಿನ ಫ್ರೆಂಚ್ ವರ್ತಕರಿಂದ ಬಂದ “ಮೆರ್ಸಿ” ಎಂಬ ಪದವೇ. “ಚೋ” ಎಂದರೆ ದೊಡ್ಡದು. ಪರವೂರಿನ ಶಬ್ದಕ್ಕೂ ಮನೆಯೊಳಗೆ ಜಾಗ ಕೊಟ್ಟ ಜನರೆಂದು ವ್ಯಾಕರಣದ ಮೇಷ್ಟರಾದ ನಮಗೆ ಸಂತೋಷವಾಯಿತು.

ಅಲ್ಲಿಂದ ಇನುವಿಕ್ ಪಟ್ಟಣಕ್ಕೆ ಹೋದೆವು. ಬೇಸಿಗೆಯಲ್ಲಿ ಸುಮಾರು ಎಂಟು ವಾರ ಅಲ್ಲಿ ಸೂರ್ಯಾಸ್ತವಿಲ್ಲ. ಸಾಯಂಸಂಧ್ಯೆಯನ್ನು ಯಾವಾಗ ಮಾಡತಕ್ಕದ್ದೆಂದು ನಾವು ಓದಿದ ಯಾವ ಗ್ರಂಥದಲ್ಲಿಯೂ ತಿಳಿಯದೆ, ಗಡಿಯಾರವನ್ನೇ ಪ್ರಮಾಣವಾಗಿಟ್ಟುಕೊಂಡೆವು. ಆ ಊರಿನಲ್ಲಿ ಒಂದು ಪುಟ್ಟ ಮಸೀದಿಯೂ ಇದೆ; ವಿನ್ನಿಪೆಗ್ ನಗರದಲ್ಲಿ ಕಟ್ಟಿದ ಕಟ್ಟಡವನ್ನು ೨೦೧೦ರಲ್ಲಿ ಲಾರಿಯ ಮೇಲೂ ದೋಣಿಯ ಮೇಲೂ ಸುಮಾರು ೪,೦೦೦ ಕಿಲೋಮೀಟರು ಸಾಗಿಸಿ ತಂದದ್ದು. ೨೦೧೭ರಲ್ಲಿ ತೆರೆದ ಹೊಸ ರಸ್ತೆಯಲ್ಲಿ ಟುಕ್ಟೊಯಾಕ್ಟಕ್ ಎಂಬ ಕೊನೆಯ ಊರನ್ನು ಸೇರಿ, ಮಹಾಸಾಗರದ ನೀರನ್ನು ತಲೆಗೆ ಪ್ರೋಕ್ಷಿಸಿಕೊಂಡು ಹಿಂದಿರುಗಿದೆವು.

ಬರುವ ದಾರಿಯಲ್ಲಿ ನಿಂತ ಗಾಡಿಗಳನ್ನು ಐದು ಕಂಡೆವು. ಐದರ ಬಳಿಯೂ ನಿಲ್ಲಿಸಿದೆವು. ಮೊದಲನೆಯವರು ಹಕ್ಕಿಗಳನ್ನು ನೋಡುತ್ತಿದ್ದ ದಂಪತಿಗಳು. ಎರಡನೆಯವನು ಸುಖವಾಗಿ ನಿದ್ರಿಸುತ್ತಿದ್ದನು, ಎಬ್ಬಿಸಿದ್ದಕ್ಕೆ ಕೋಪಿಸಿಕೊಂಡನು. ಮೂರನೆಯ, ನಾಲ್ಕನೆಯವರಿಗೂ ನಮ್ಮಿಂದ ಆಗಬೇಕಾದುದೇನೂ ಇರಲಿಲ್ಲ. ಐದನೆಯವನು ತರುಣ, ಚಕ್ರ ಹರಿದಿತ್ತು, ಜಾಕಿ ಮುರಿದಿತ್ತು. ನಮ್ಮ ಜಾಕಿಯಿಂದ ಅವನ ಕೆಲಸವಾಯಿತು. ಐದರಲ್ಲಿ ಒಂದು ಎಂದರೆ ಸಣ್ಣ ಲೆಕ್ಕವೆನ್ನಿಸಬಹುದು. ಆದರೆ ಆ ಒಬ್ಬನು ಯಾರೆಂಬುದು ನಿಲ್ಲಿಸಿ ಕೇಳುವವರೆಗೆ ತಿಳಿಯುವಂತಿಲ್ಲ.

ಗೃಹಸ್ಥರಾದ ವಾಚಕರಲ್ಲಿ ಮಕ್ಕಳಿಗೆ ಎಚ್ಚರಿಕೆ ಹೇಳಬೇಡಿರೆಂದು ನಾವು ಬೇಡುವುದಿಲ್ಲ. ನಮ್ಮ ಮಗನ ಮಾತು ಪ್ರೀತಿಯ ಮಾತು. ಸ್ವಲ್ಪ ದೂರದಲ್ಲಿ ನಿಲ್ಲಿಸಿ, ಗಾಜನ್ನು ಅರ್ಧ ಇಳಿಸಿ, “ಏನು ಬೇಕು?” ಎಂದು ಕೇಳಬಹುದು, ಅದೂ ಆಗದಿದ್ದರೆ ಮುಂದಿನ ಊರಿಗೆ ಸುದ್ದಿಯನ್ನಾದರೂ ಒಯ್ಯಬಹುದು. ಎಚ್ಚರಿಕೆಗೂ ಕಾಣದಂತೆ ಹೋಗುವುದಕ್ಕೂ ನಡುವೆ ಇಷ್ಟು ಜಾಗವುಂಟು. ಆ ಜಾಗವನ್ನು ನಾವು ಅರುವತ್ತನೆಯ ವಯಸ್ಸಿನಲ್ಲಿ, ಬಹು ದೂರ ಹೋಗಿ ಕಲಿತೆವು.

ಮನೆಗೆ ಮರಳಿದಾಗ ಮಗನು, “ಯಾರಿಗೂ ನಿಲ್ಲಿಸಲಿಲ್ಲವಷ್ಟೆ?” ಎಂದನು. ನಿಲ್ಲಿಸಿದ ಐದನ್ನು ಹೇಳಿದಾಗ ಸಿಡಿಮಿಡಿಗೊಂಡನು. ನಿಲ್ಲಿಸದ ಒಂದನ್ನು ಹೇಳಿದಾಗ ಬಹಳ ಹೊತ್ತು ಮಾತಾಡಲಿಲ್ಲ. ಅಂದಿನಿಂದ ವರ್ಷಕ್ಕೊಮ್ಮೆ ಫೋರ್ಟ್ ಮ್ಯಾಕ್‌ಫರ್ಸನ್ನಿಗೆ ನಮ್ಮ ಮನೆಯಿಂದ ಚಟ್ನಿಪುಡಿಯ ಒಂದು ಪಾರ್ಸಲು ಹೋಗುತ್ತದೆ. ಮನೆಯಾಕೆ ಅದಕ್ಕೆಂದು ಬೇರೆಯಾಗಿ, ಮೆಣಸಿನಕಾಯಿಯನ್ನು ಅರ್ಧಕ್ಕಿಳಿಸಿ ಕುಟ್ಟುತ್ತಾಳೆ. ಖಾರ ಸಾಲದೆಂದು ಕಳೆದ ಸಲ ಹುಡುಗಿ ಬರೆದಿದ್ದಳು.